ಹೊರಡಲೇಬೇಕಾಗಿ ಬಂದ ಹಡಗು: ಡುಲೂತ್ ಬಂದರಿನ ‘ವಿಲಿಯಂ ಎ. ಇರ್ವಿನ್’ ಕುರಿತು ಒಂದು ಪ್ರಕರಣ ಅಧ್ಯಯನ

ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್ ಬಂದರಿನಲ್ಲಿ 1986ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ವಿಲಿಯಂ ಎ. ಇರ್ವಿನ್’ ಎಂಬ ಸರಕು ಹಡಗನ್ನು 2018ರ ಸೆಪ್ಟೆಂಬರ್‌ನಲ್ಲಿ ಅದರ ಕಟ್ಟೆಯಿಂದ ಬಿಡಿಸಿ, ಬಂದರಿನ ಆಚೆ ದಡದಲ್ಲಿರುವ ಶಿಪ್‌ಯಾರ್ಡಿಗೆ ಎಳೆದೊಯ್ಯಬೇಕಾಯಿತು. ಹಡಗಿನ ಅಗಲ 60 ಅಡಿ. ಅದು ಹೊರಬರಬೇಕಿದ್ದ ದಾರಿಯಲ್ಲಿ, ಹಡಗು ಬಂದು ನಿಂತ ಐದು ವರ್ಷಗಳ ನಂತರ ಕಟ್ಟಿದ ಪಾದಚಾರಿ ಸೇತುವೆಯೊಂದಿತ್ತು. ಆ ಸೇತುವೆಯ ಎರಡು ರೆಕ್ಕೆಗಳನ್ನು ಪೂರ್ತಿ ಮೇಲೆತ್ತಿದಾಗಲೂ ಹಡಗಿನ ಇಕ್ಕೆಲಗಳಲ್ಲಿ ಉಳಿಯುತ್ತಿದ್ದ ಜಾಗ ಅಂಗುಲಗಳ ಲೆಕ್ಕದ್ದು. ನಿವೃತ್ತ ಹಡಗುಗಳನ್ನು ಉಳಿಸಿಕೊಳ್ಳುವ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವುಗಳ ಇತಿಹಾಸದ ಕಡೆಗೆ ಒಲಿಯುತ್ತಾರೆ. ಇರ್ವಿನ್‌ನ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ: ನೀರಿನ ಮೇಲೆ ತೇಲುವ ವಸ್ತುವೊಂದನ್ನು ಊರು ಕ್ರಮೇಣ ಕಟ್ಟಡವೆಂದು ಭಾವಿಸಿಬಿಟ್ಟಾಗ ಏನಾಗುತ್ತದೆ, ಮತ್ತು ಅದು ಇನ್ನೂ ಹಡಗೇ ಎಂಬುದನ್ನು ಕೊನೆಗೆ ಯಾವುದು ನೆನಪಿಸುತ್ತದೆ ಎಂಬುದು.

ಹಡಗು ಮತ್ತು ಅದು ಮಾಡುತ್ತಿದ್ದ ಕೆಲಸ

ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ ಓಡುವ ಸರಕು ಹಡಗುಗಳ ಆಕಾರ ಸಮುದ್ರದ ಹಡಗುಗಳಿಗಿಂತ ಬಹಳ ಭಿನ್ನವಾದುದು. ಸರೋವರಗಳನ್ನು ಜೋಡಿಸುವ ಲಾಕ್‌ಗಳೂ (ನೀರಿನ ಮಟ್ಟವನ್ನು ಏರಿಸಿ ಇಳಿಸಿ ಹಡಗನ್ನು ದಾಟಿಸುವ ಬಾಗಿಲುಕಟ್ಟೆಗಳು) ಕಿರಿದಾದ ಕಾಲುವೆಗಳೂ ಹಡಗಿನ ಅಗಲವನ್ನು ಮಿತಿಗೊಳಿಸುವುದರಿಂದ ಅವು ಉದ್ದಕ್ಕೆ ಬೆಳೆದಿವೆ. ಹಳೆಯ ಮಾದರಿಯಲ್ಲಿ ಚುಕ್ಕಾಣಿ ಕೋಣೆ ತೀರಾ ಮುಂದಿನ ತುದಿಯಲ್ಲಿ, ಎಂಜಿನ್ ತೀರಾ ಹಿಂದಿನ ತುದಿಯಲ್ಲಿ. ನಡುವೆ ಸಮತಟ್ಟಾದ ಡೆಕ್ಕು, ಅದರ ಕೆಳಗೆ ಅದಿರು ತುಂಬುವ ಕಣಜಗಳು. ಸುಪೀರಿಯರ್ ಸರೋವರದ ಪಶ್ಚಿಮ ತುದಿಯಲ್ಲಿರುವ ಡುಲೂತ್, ಸುಪೀರಿಯರ್, ಟೂ ಹಾರ್ಬರ್ಸ್ ಬಂದರುಗಳಲ್ಲಿ ಮೆಸಾಬಿ ಗಣಿಸಾಲಿನ ಕಬ್ಬಿಣದ ಅದಿರನ್ನು ತುಂಬಿಕೊಂಡು ಓಹಾಯೊ, ಇಂಡಿಯಾನ ರಾಜ್ಯಗಳ ಉಕ್ಕಿನ ಕಾರ್ಖಾನೆಗಳಿಗೆ ಇಳಿಸುವುದು, ಹಿಂದಿರುಗುವಾಗ ಕೆಲವೊಮ್ಮೆ ಕಲ್ಲಿದ್ದಲು ತರುವುದು ಇವುಗಳ ದುಡಿಮೆ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುವ ಕಾರಣ ಮೂರು ತಿಂಗಳು ವಿರಾಮ.

ಇರ್ವಿನ್ ಅನ್ನು ಓಹಾಯೊದ ಲೊರೇನ್‌ನಲ್ಲಿ ಅಮೆರಿಕನ್ ಶಿಪ್ ಬಿಲ್ಡಿಂಗ್ ಕಂಪನಿ ನಿರ್ಮಿಸಿತು. ಅದನ್ನು ನೀರಿಗಿಳಿಸಿದ್ದು 1937ರ ನವೆಂಬರ್ 10ರಂದು. ಮುಂದಿನ ಜೂನ್‌ನಲ್ಲಿ ಅದು ಮೊದಲ ಪ್ರಯಾಣ ಹೊರಟಿತು. ಮಾಲೀಕ ಕಂಪನಿ ಯುನೈಟೆಡ್ ಸ್ಟೇಟ್ಸ್ ಸ್ಟೀಲ್‌ನ ಹಡಗು ವಿಭಾಗ. ಹೆಸರು ಆಗಿನ ಯು.ಎಸ್. ಸ್ಟೀಲ್ ಅಧ್ಯಕ್ಷರದ್ದು. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಸರೋವರಗಳ ಹಡಗು ನಿರ್ಮಾಣ ಬಹುತೇಕ ನಿಂತೇ ಹೋಗಿತ್ತು. ಆ ವಿರಾಮದ ನಂತರ ಒಂದೇ ನಕ್ಷೆಯಲ್ಲಿ ಕಟ್ಟಿದ ನಾಲ್ಕು ಹಡಗುಗಳಲ್ಲಿ ಇದು ಮೊದಲನೆಯದು. ಉಳಿದ ಮೂರು ಗವರ್ನರ್ ಮಿಲ್ಲರ್, ಜಾನ್ ಹಲ್ಸ್ಟ್ ಮತ್ತು ರಾಲ್ಫ್ ಎಚ್. ವಾಟ್ಸನ್. ಹಳೆಯ ಪಿಸ್ಟನ್ ಎಂಜಿನ್‌ನ ಬದಲು 2,000 ಅಶ್ವಶಕ್ತಿಯ ಉಗಿ ಟರ್ಬೈನ್, ರಿವೆಟ್‌ಗಳ ಜೊತೆಗೆ ಸಾಕಷ್ಟು ವೆಲ್ಡಿಂಗ್, ಕಣಜದ ಬಾಯಿಗಳಾದ ಹ್ಯಾಚ್‌ಗಳಿಗೆ ಒಂದೇ ತುಂಡಿನ ಉಕ್ಕಿನ ಮುಚ್ಚಳ, ಆ ಮುಚ್ಚಳಗಳನ್ನೆತ್ತಲು ಡೆಕ್ಕಿನ ಹಳಿಗಳ ಮೇಲೆ ಓಡುವ ಕ್ರೇನ್: ಇವೆಲ್ಲ ಆಗಿನ ಮಟ್ಟಿಗೆ ಹೊಸತು.

ನಾವಿಕರ ಬದುಕಿನ ದೃಷ್ಟಿಯಿಂದ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಡೆಕ್ಕಿನ ಕೆಳಗಿನ ಸುರಂಗಮಾರ್ಗ. ಮುಂಭಾಗದಲ್ಲಿ ಮಲಗುವವನಿಗೆ ಅಡುಗೆಮನೆ ಇರುವುದು ಹಿಂಭಾಗದಲ್ಲಿ. ಹಳೆಯ ಹಡಗುಗಳಲ್ಲಿ ನವೆಂಬರ್ ತಿಂಗಳ ಬಿರುಗಾಳಿಯಲ್ಲಿ ಊಟಕ್ಕೆ ಹೋಗಬೇಕೆಂದರೆ ಅಲೆ ಹಾಯುತ್ತಿರುವ, ಹಿಮ ಕಟ್ಟಿದ ಬಯಲು ಡೆಕ್ಕಿನ ಮೇಲೆ, ಉದ್ದಕ್ಕೂ ಕಟ್ಟಿದ ತಂತಿಯನ್ನು ಹಿಡಿದು ಸಾಗಬೇಕಿತ್ತು. ಇರ್ವಿನ್‌ನಲ್ಲಿ ಹಡಗಿನ ಯಾವ ಭಾಗಕ್ಕೂ ಒಳಗಿನಿಂದಲೇ ನಡೆದುಹೋಗಬಹುದಾಗಿತ್ತು.

ಇರ್ವಿನ್ 1938ರಿಂದ 1975ರವರೆಗೆ ಕಂಪನಿಯ ಸರೋವರ ಪಡೆಯ ಪ್ರಧಾನ ಹಡಗಾಗಿತ್ತು. ಆದ್ದರಿಂದಲೇ ಅದರ ಮುಂಭಾಗದಲ್ಲಿ ಕಂಪನಿಯ ಗಣ್ಯ ಅತಿಥಿಗಳಿಗೆಂದು ಓಕ್ ಹಲಗೆ ಹೊದಿಸಿದ ಕೋಣೆಗಳೂ ಹಿತ್ತಾಳೆಯ ಹಿಡಿಕಂಬಿಗಳೂ ಪ್ರತ್ಯೇಕ ಊಟದ ಕೋಣೆಯೂ ಇವೆ. ಉಕ್ಕು ಕೊಳ್ಳುವ ದೊಡ್ಡ ಗಿರಾಕಿಗಳನ್ನು ಬೇಸಗೆಯಲ್ಲಿ ಸರೋವರ ಯಾನಕ್ಕೆ ಕರೆದೊಯ್ಯುವುದು ವ್ಯಾಪಾರದ ಒಂದು ರೀತಿಯೇ ಆಗಿತ್ತು. ಈ ಕೋಣೆಗಳಿಂದ ಹೊರಟು ಸುಮಾರು ಐನೂರು ಅಡಿ ಹಿಂದಕ್ಕೆ ನಡೆದರೆ ಕಲ್ಲಿದ್ದಲಿನಿಂದ ಉರಿಯುತ್ತಿದ್ದ ಬಾಯ್ಲರ್‌ಗಳು ಸಿಗುತ್ತವೆ. ಒಂದೇ ಹಡಗಿನಲ್ಲಿ ಈ ಎರಡು ಲೋಕಗಳನ್ನು ಬೆನ್ನುಬೆನ್ನಿಗೆ ನೋಡಲು ಸಾಧ್ಯವಾಗುವುದೇ ಇಂದಿನ ಪ್ರವಾಸಿಗೆ ಇರ್ವಿನ್ ಕೊಡುವ ಮುಖ್ಯ ಅನುಭವ ಎಂದು ನನ್ನ ಅಭಿಪ್ರಾಯ. ಅದಕ್ಕೆ ಹೋಲಿಸಿದರೆ ಉದ್ದ, ಅಗಲ, ತೂಕದ ಅಂಕಿಗಳು ಬೇಗ ಮರೆತುಹೋಗುತ್ತವೆ.

ಅದು ನಿವೃತ್ತವಾದದ್ದು ಏಕೆ

ಹಡಗು ಹಳತಾಯಿತು ಎಂಬುದು ಇದಕ್ಕೆ ಸರಿಯಾದ ಉತ್ತರವಲ್ಲ. ಉಪ್ಪುನೀರಿನಲ್ಲಿ ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತು ವರ್ಷಕ್ಕೆ ಗುಜರಿ ಸೇರುವ ಹಡಗುಗಳಿಗೆ ಹೋಲಿಸಿದರೆ ಸಿಹಿನೀರಿನ ಹಡಗುಗಳ ಆಯಸ್ಸು ದೊಡ್ಡದು. ಎಪ್ಪತ್ತು ಎಂಬತ್ತು ವರ್ಷ ದುಡಿದವು ಅಲ್ಲಿ ಅಪರೂಪವಲ್ಲ. 1978ರಲ್ಲಿ ಕೆಲಸ ನಿಲ್ಲಿಸಿದಾಗ ಇರ್ವಿನ್‌ಗೆ ನಲವತ್ತು ವರ್ಷವಷ್ಟೇ.

ಕಾರಣ ಸರಕು ಇಳಿಸುವ ವಿಧಾನದಲ್ಲಿದೆ. ಇರ್ವಿನ್ ತನ್ನ ಸರಕನ್ನು ತಾನೇ ಇಳಿಸಲಾರದು. ಅದರ ಹದಿನೆಂಟು ಹ್ಯಾಚ್‌ಗಳಿರುವುದು ದಡದ ಮೇಲಿನ ಹ್ಯುಲೆಟ್ ಯಂತ್ರಗಳಿಗಾಗಿ. ಈ ಯಂತ್ರವನ್ನು ಕಾಣದವರಿಗೆ ಒಂದಿಷ್ಟು ವಿವರಣೆ ಬೇಕು. ಏತದಂತೆ ಏರಿಳಿಯುವ ಭಾರಿ ತೊಲೆ, ಅದರ ತುದಿಯಿಂದ ನೆಟ್ಟಗೆ ಕೆಳಗಿಳಿಯುವ ಉಕ್ಕಿನ ಕಾಲು, ಕಾಲಿನ ತುದಿಯಲ್ಲಿ ಒಮ್ಮೆಗೆ ಹದಿನೇಳು ಟನ್ನಿನಷ್ಟು ಬಾಚುವ ಬಕೆಟ್. ಯಂತ್ರ ನಡೆಸುವಾತ ಕುಳಿತುಕೊಳ್ಳುತ್ತಿದ್ದದ್ದು ದಡದ ಮೇಲಲ್ಲ, ಬಕೆಟ್ಟಿಗೆ ಸ್ವಲ್ಪ ಮೇಲೆ, ಆ ಕಾಲಿನೊಳಗೇ. ಪ್ರತಿ ಸಲವೂ ಅವನು ಬಕೆಟ್ಟಿನ ಜೊತೆಗೇ ಹಡಗಿನ ಕಣಜಕ್ಕಿಳಿದು, ಅದಿರನ್ನು ಕಣ್ಣಾರೆ ನೋಡುತ್ತಾ ಬಾಚಿ, ಮೇಲೇರಿ ಬರುತ್ತಿದ್ದ. 1940ರಲ್ಲಿ ಇರ್ವಿನ್‌ನಿಂದ 13,856 ಟನ್ ಅದಿರನ್ನು ಈ ಯಂತ್ರಗಳು 2 ಗಂಟೆ 55 ನಿಮಿಷಗಳಲ್ಲಿ ಇಳಿಸಿದವು. ಹ್ಯುಲೆಟ್ ಯಂತ್ರಗಳಿಂದ ಅಷ್ಟು ವೇಗವಾಗಿ ಇಳಿಸಿದ ಇನ್ನೊಂದು ದಾಖಲೆ ಮಹಾ ಸರೋವರಗಳಲ್ಲಿಲ್ಲ.

ಆ ದಾಖಲೆಯೇ ಅದರ ಮಿತಿಯೂ ಆಯಿತು. ಮೆಸಾಬಿಯ ಉತ್ತಮ ದರ್ಜೆಯ ಅದಿರು ಕರಗುತ್ತಾ ಬಂದಂತೆ ಟ್ಯಾಕೊನೈಟ್ ಎಂಬ ಕೆಳದರ್ಜೆಯ ಶಿಲೆಯನ್ನು ಪುಡಿಮಾಡಿ, ಅದರೊಳಗಿನ ಮ್ಯಾಗ್ನೆಟೈಟನ್ನು ಅಯಸ್ಕಾಂತದಿಂದ ಬೇರ್ಪಡಿಸಿ, ಗೋಲಿಗಾತ್ರದ ಉಂಡೆಗಳಾಗಿ ಸುಡುವ ಪದ್ಧತಿ ಬಂತು. (ಕುದುರೆಮುಖದ ಮ್ಯಾಗ್ನೆಟೈಟನ್ನು ಸಾರೀಕರಿಸಿ, ಕೊಳವೆಯಲ್ಲಿ ಪಣಂಬೂರಿಗೆ ಹರಿಸಿ, ಉಂಡೆ ಕಟ್ಟಿ ಮಂಗಳೂರು ಬಂದರಿನಿಂದ ಸಾಗಿಸುತ್ತಿದ್ದುದನ್ನು ಬಲ್ಲವರಿಗೆ ಈ ವಿದ್ಯೆ ಹೊಸದಲ್ಲ.) ಈ ಉಂಡೆಗಳು ಒದ್ದೆ ಅದಿರಿನ ಹಾಗೆ ಅಂಟಿಕೊಳ್ಳದೆ ಸರಾಗವಾಗಿ ಜಾರುತ್ತವೆ, ಹಡಗಿನ ತಳದಲ್ಲೇ ಕನ್ವೇಯರ್ ಬೆಲ್ಟ್ ಇಟ್ಟರೆ ದಡದ ಯಂತ್ರವೇ ಬೇಡ. 1969ರಲ್ಲಿ, ಸುಪೀರಿಯರ್ ಸರೋವರದಿಂದ ಕೆಳಗಿನ ಸರೋವರಗಳಿಗೆ ಹಡಗುಗಳನ್ನು ದಾಟಿಸುವ ಸೂ ಲಾಕ್‌ಗಳಲ್ಲಿ 1,200 ಅಡಿ ಉದ್ದದ ಹೊಸ ಪೋ ಲಾಕ್ ತೆರೆಯಿತು. 1972ರಲ್ಲಿ ಮೊದಲ ಸಾವಿರ ಅಡಿಯ ಹಡಗು ಸ್ಟುವರ್ಟ್ ಜೆ. ಕಾರ್ಟ್ ಓಡತೊಡಗಿತು. ಇರ್ವಿನ್ ನಾಲ್ಕು ಸುತ್ತಿನಲ್ಲಿ ಒಯ್ಯುತ್ತಿದ್ದ ಸರಕನ್ನು ಇಂಥ ಹಡಗೊಂದು ಒಂದೇ ಸುತ್ತಿನಲ್ಲಿ ಒಯ್ದು, ತಾನೇ ಇಳಿಸಿ ಬರುವಾಗ ಲೆಕ್ಕ ಬಗೆಹರಿದಂತೆಯೇ. ನಾಲ್ಕು ಸೋದರ ಹಡಗುಗಳಲ್ಲಿ ಮೂರು 1980ರ ಆಸುಪಾಸಿನಲ್ಲಿ ಗುಜರಿಗೆ ಹೋದವು. ಇರ್ವಿನ್ ಮಾತ್ರ ಡುಲೂತ್‌ನ ಪಶ್ಚಿಮ ಭಾಗದಲ್ಲಿ ಸುಮಾರು ಎಂಟು ವರ್ಷ ಲಂಗರು ಹಾಕಿಕೊಂಡು ಬಿದ್ದಿತ್ತು.

ಖರೀದಿ

1986ರಲ್ಲಿ ಅದನ್ನು 1,10,000 ಡಾಲರ್ ಕೊಟ್ಟು ಕೊಂಡದ್ದು ನಗರದ ಸಮ್ಮೇಳನ ಕೇಂದ್ರದ ಸಂಸ್ಥೆ. ಸ್ಥಳೀಯರ ಬಾಯಲ್ಲಿ ಅದು ‘ಡೆಕ್’. ಸಭೆ, ಸಂಗೀತ, ವಸ್ತುಪ್ರದರ್ಶನ ನಡೆಸುವ ಈ ಸಂಸ್ಥೆಗೆ ಹಡಗು ಬೇಕಾದದ್ದು ಪ್ರವಾಸಿಗರನ್ನು ಸೆಳೆಯಲು. ಕೆನಾಲ್ ಪಾರ್ಕ್ ಎಂಬ ಹಳೆಯ ಗೋದಾಮುಗಳ ಬಡಾವಣೆ ಹೋಟೆಲು, ಅಂಗಡಿಗಳ ತಾಣವಾಗಿ ಬದಲಾಗುತ್ತಿದ್ದ ಕಾಲ ಅದು. ಸಮ್ಮೇಳನ ಕೇಂದ್ರಕ್ಕೂ ಕೆನಾಲ್ ಪಾರ್ಕಿಗೂ ನಡುವೆ ಇರುವ, ಮೂರು ಕಡೆ ಗೋಡೆ ಕಟ್ಟಿದ ಮಾನವನಿರ್ಮಿತ ನೀರುಕಟ್ಟೆಯೇ ಮಿನ್ನೆಸೋಟ ಸ್ಲಿಪ್. ಹಡಗನ್ನು ತಂದು ಅಲ್ಲಿ ಕಟ್ಟಿದರು. 1989ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಕೊಳ್ಳುವ ಬೆಲೆಯನ್ನು ನೋಡಿ ಇದು ಅಗ್ಗದ ವ್ಯವಹಾರವೆಂದು ತೋರಬಹುದು. ಸಂಗ್ರಹಾಲಯವಾಗುವ ಹಡಗಿನ ವಿಷಯದಲ್ಲಿ ಕೊಳ್ಳುವ ಹಣ ಎಂದೂ ನಿಜವಾದ ಖರ್ಚಲ್ಲ. ಬಣ್ಣ, ಬಿಸಿಗಾಳಿ, ವಿದ್ಯುತ್ತು, ಬೆಂಕಿಯಿಂದ ರಕ್ಷಣೆ, ಕಲ್ನಾರು ಹೊದಿಸಿದ ಕೊಳವೆಗಳು, ಇವೆಲ್ಲ ಪ್ರತಿ ವರ್ಷದ ಬಾಬ್ತು. ಇವುಗಳಾಚೆ ಒಂದು ದೊಡ್ಡ ಬಾಬ್ತು ಯಾರ ಕಣ್ಣಿಗೂ ಬೀಳದೆ ನೀರಿನ ಕೆಳಗಿರುತ್ತದೆ.

ಸ್ಲಿಪ್, ಸೇತುವೆ ಮತ್ತು ಹೂಳು

ಮಿನ್ನೆಸೋಟ ಸ್ಲಿಪ್‌ನ ಬಾಯಿಗೆ ಅಡ್ಡಲಾಗಿ 1991ರಲ್ಲಿ ಎರಡು ರೆಕ್ಕೆಗಳು ಮೇಲೇಳುವ ನೀಲಿ ಬಣ್ಣದ ಪಾದಚಾರಿ ಸೇತುವೆಯನ್ನು ಕಟ್ಟಲಾಯಿತು. ಒಳಗೆ ಕಟ್ಟುವ ದೋಣಿಗಳು, ಪ್ರವಾಸಿ ನೌಕೆಗಳು ಬಂದಾಗ ಸೇತುವೆ ತೆರೆಯುತ್ತದೆ. ಉಳಿದ ವೇಳೆ ಜನ ಕೆನಾಲ್ ಪಾರ್ಕಿನಿಂದ ಸಮ್ಮೇಳನ ಕೇಂದ್ರಕ್ಕೆ ಸುತ್ತು ಬಳಸದೆ ನಡೆದುಹೋಗುತ್ತಾರೆ. ಊರಿನ ದೃಷ್ಟಿಯಿಂದ ಉಪಯುಕ್ತ ಕೆಲಸವೇ. ಆದರೆ ಸ್ಲಿಪ್‌ನ ಬಾಯಿ ಅದರಿಂದ ಕಿರಿದಾಯಿತು. ಒಳಗಿದ್ದ ಅತಿ ದೊಡ್ಡ ವಸ್ತು ಮುಂದೆಂದೋ ಒಮ್ಮೆ ಹೊರಬರಬೇಕಾದೀತು ಎಂಬ ಯೋಚನೆ ಆ ನಕ್ಷೆಯಲ್ಲಿ ಧಾರಾಳವಾಗಿ ಇತ್ತೆಂದು ಹೇಳಲು ಅಂಗುಲಗಳ ಆ ಅಂತರ ಅವಕಾಶ ಕೊಡುವುದಿಲ್ಲ. ಇದಕ್ಕೆ ಯಾರನ್ನೋ ದೂರುವುದು ನನ್ನ ಉದ್ದೇಶವಲ್ಲ. ಸಂಗ್ರಹಾಲಯವಾದ ಹಡಗಿನ ಸುತ್ತ ಎಲ್ಲೆಡೆಯೂ ನಡೆಯುವುದು ಹೀಗೆಯೇ. ನೀರಿನ ಪೈಪು ಬರುತ್ತದೆ, ವಿದ್ಯುತ್ ತಂತಿ ಬರುತ್ತದೆ, ಟಿಕೆಟ್ ಕೊಠಡಿ ಬರುತ್ತದೆ, ಮೆಟ್ಟಿಲನ್ನು ಕಾಂಕ್ರೀಟಿನಲ್ಲಿ ಕೂರಿಸಲಾಗುತ್ತದೆ. ಒಂದೊಂದೂ ಸಣ್ಣ ಅನುಕೂಲ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹಡಗು ಬೀದಿಯ ಒಂದು ಭಾಗವಾಗಿರುತ್ತದೆ.

ಅದನ್ನು ಬಿಡಿಸಿದ್ದು ಹೂಳು. ಸೇಂಟ್ ಲೂಯಿ ನದಿ ಸುಪೀರಿಯರ್ ಸರೋವರವನ್ನು ಸೇರುವ ಜಾಗದಲ್ಲಿ ಈ ಬಂದರಿದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಮರದ ಗಿರಣಿ, ಉಕ್ಕಿನ ಕಾರ್ಖಾನೆ, ಕಲ್ಲಿದ್ದಲು ಕಟ್ಟೆ, ಕಾಗದದ ಕಾರ್ಖಾನೆಗಳ ತ್ಯಾಜ್ಯ ಅದರ ತಳ ಸೇರಿತ್ತು. ಅಮೆರಿಕ ಮತ್ತು ಕೆನಡಾಗಳ ನಡುವಿನ ಮಹಾ ಸರೋವರ ನೀರಿನ ಗುಣಮಟ್ಟದ ಒಪ್ಪಂದದಡಿ ಈ ನದೀಮುಖವನ್ನು 1987ರಲ್ಲಿ ‘ಕಾಳಜಿಯ ಪ್ರದೇಶ’ಗಳ ಪಟ್ಟಿಗೆ ಸೇರಿಸಲಾಯಿತು. ಅಂದಿನಿಂದ ರಾಜ್ಯದ ಮತ್ತು ಒಕ್ಕೂಟ ಸರ್ಕಾರದ ಸಂಸ್ಥೆಗಳು ಒಂದೊಂದೇ ಕಲುಷಿತ ಜಾಗವನ್ನು ಶುದ್ಧಗೊಳಿಸುತ್ತಾ ಬಂದಿವೆ. ಮಿನ್ನೆಸೋಟ ಸ್ಲಿಪ್‌ನ ತಳದಲ್ಲಿ ಕಲ್ಲಿದ್ದಲು ಮತ್ತು ಎಣ್ಣೆಗಳಿಂದ ಬರುವ ವಿಷಕಾರಿ ಹೈಡ್ರೋಕಾರ್ಬನ್‌ಗಳು, ಪಿಸಿಬಿ ಎಂಬ ಕೈಗಾರಿಕಾ ವಿಷರಾಸಾಯನಿಕಗಳು, ಸೀಸದಂಥ ಲೋಹಗಳು ಸೇರಿದ್ದವು. ಇಂಥ ಕಡೆಗಳಲ್ಲಿ ಎಲ್ಲವನ್ನೂ ಅಗೆದು ಹೊರಗೆ ಸಾಗಿಸುವುದರ ಬದಲು ಶುದ್ಧವಾದ ಮರಳು ಮತ್ತು ಹೂಳಿನ ದಪ್ಪ ಹೊದಿಕೆಯನ್ನು ಮೇಲೆ ಹಾಸುವುದು ಒಪ್ಪಿತ ವಿಧಾನ. ಹಡಗುಗಳು ಸಂಚರಿಸುವ ಕಾಲುವೆಯನ್ನು ಆಳವಾಗಿಡಲು ಪ್ರತಿ ವರ್ಷ ಬಾಚಿ ತೆಗೆಯುವ ಶುದ್ಧ ಹೂಳೇ ಇದಕ್ಕೆ ಒದಗುತ್ತದೆ. ಆದರೆ ಸ್ಲಿಪ್‌ನ ಬಹುಭಾಗವನ್ನು ಆವರಿಸಿಕೊಂಡು 610 ಅಡಿಯ ಹಡಗು ನಿಂತಿರುವಾಗ ಅದರ ಅಡಿಗೆ ಹೊದಿಕೆ ಹಾಸುವಂತಿಲ್ಲ. ಜೊತೆಗೆ ಸ್ಲಿಪ್‌ನ ಹಳೆಯ ಗೋಡೆಗಳೂ ಶಿಥಿಲವಾಗಿದ್ದವು. ಹಡಗು ಹೊರಡಲೇಬೇಕಾಯಿತು.

ಈ ಪ್ರಕರಣದ ತಿರುವು ಇಲ್ಲಿದೆ. ಮೂರು ದಶಕಗಳ ಕಾಲ ಹಡಗಿನ ಹೊರಮೈಯ ದುರಸ್ತಿಗೆ ಅದನ್ನು ಹೊರತೆಗೆಯುವ ಕಾರಣ ಕೂಡಿಬಂದಿರಲಿಲ್ಲ. ಬೇರೊಂದು ಇಲಾಖೆಯ, ಬೇರೊಂದು ಉದ್ದೇಶದ ಕೆಲಸ ಆ ಕಾರಣವನ್ನು ಒದಗಿಸಿತು. ಹೇಗೂ ಹೊರಗೆ ತರಬೇಕಾಗಿದ್ದರಿಂದ ಡ್ರೈ ಡಾಕಿಗೂ (ನೀರು ಬಸಿದು ಹಡಗನ್ನು ಒಣನೆಲದ ಮೇಲೆ ನಿಲ್ಲಿಸುವ ದುರಸ್ತಿಕಟ್ಟೆ) ಹಾಕೋಣವೆಂಬ ನಿರ್ಧಾರವಾಯಿತು. ಹಡಗಿಗಾಗಿಯೇ ಈ ಕೆಲಸ ಹಮ್ಮಿಕೊಂಡಿದ್ದರೆ ಅದಕ್ಕೆ ಒಪ್ಪಿಗೆ ಸಿಗುತ್ತಿತ್ತೇ ಎಂಬುದು ನನಗೆ ಅನುಮಾನ.

ಹೊರಗೆ ಮತ್ತು ಹಿಂದಕ್ಕೆ

ಇರ್ವಿನ್‌ಗೆ ಸ್ವಂತ ಚಾಲನಶಕ್ತಿ ಇಲ್ಲ. ಬಾಯ್ಲರ್ ಆರಿ ನಾಲ್ಕು ದಶಕಗಳಾಗಿದ್ದವು. ಚುಕ್ಕಾಣಿಯನ್ನೂ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಇಂಥ ಹಡಗನ್ನು ಕಿರಿದಾದ ಬಾಯಿಯಿಂದ ಹೊರತರುವಾಗ ಮುಂದಿನಿಂದ ಎಳೆಯುವ ಟಗ್ ದೋಣಿಯಷ್ಟೇ ಮುಖ್ಯವಾದದ್ದು ಅದನ್ನು ನೇರವಾಗಿ ಹಿಡಿದಿಡುವ ಹಗ್ಗಗಳು. ಖಾಲಿ ಸರಕು ಹಡಗಿನ ಹೊರಮೈ ನೀರಿನಿಂದ ಎತ್ತರಕ್ಕೆ ಎದ್ದು ನಿಲ್ಲುವುದರಿಂದ ಗಾಳಿ ಬೀಸಿದರೆ ಅದು ಹಾಯಿಯಂತೆ ತಳ್ಳಿಸಿಕೊಳ್ಳುತ್ತದೆ, ಮತ್ತು ಡುಲೂತ್ ಗಾಳಿಗೆ ಹೆಸರಾದ ಊರು. ಗಾಳಿ ತಗ್ಗಿದ ಹೊತ್ತು ನೋಡಿಯೇ ಕೆಲಸಕ್ಕಿಳಿಯಬೇಕು. 2018ರ ಸೆಪ್ಟೆಂಬರ್‌ನಲ್ಲಿ ಹಡಗು ಸೇತುವೆಯ ಎತ್ತಿದ ರೆಕ್ಕೆಗಳ ನಡುವೆ ಇಂಚಿಂಚಾಗಿ ಜಾರಿ ಹೊರಬಂದಾಗ ದಡದಲ್ಲಿ ಊರಿನ ಜನ ಸೇರಿದ್ದರು. ಟಗ್ ದೋಣಿಗಳು ಅದನ್ನು ಬಂದರಿನ ಆಚೆಗೆ, ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್ ನಗರದ ಫ್ರೇಸರ್ ಶಿಪ್‌ಯಾರ್ಡಿಗೆ ಒಯ್ದವು.

ಅಲ್ಲಿ ಹಡಗು ಒಂದು ವರ್ಷಕ್ಕೂ ಮಿಕ್ಕಿ ಉಳಿಯಿತು. ಡ್ರೈ ಡಾಕಿನಲ್ಲಿ ಅದರ ಹೊರಮೈಯ ಹಳೆಯ ಬಣ್ಣ, ತುಕ್ಕುಗಳನ್ನು ಉಜ್ಜಿ ತೆಗೆದು ಹೊಸ ಬಣ್ಣ ಬಳಿದರು. ಸಿಹಿನೀರಿನಲ್ಲಿ ಹಡಗಿಗೆ ತುಕ್ಕಿನ ಭಯವಿಲ್ಲ ಎಂಬ ಮಾತು ಸಾಮಾನ್ಯವಾಗಿ ನಿಜವಾದರೂ ಈ ಬಂದರಿನ ಮಟ್ಟಿಗೆ ಅದನ್ನು ಪೂರ್ತಿ ನಂಬುವಂತಿಲ್ಲ. 1990ರ ದಶಕದ ಕೊನೆಯಿಂದ ಡುಲೂತ್ ಮತ್ತು ಸುಪೀರಿಯರ್ ಬಂದರಿನ ಕಟ್ಟೆಗಳಿಗೆ ಆಧಾರವಾದ ಉಕ್ಕಿನ ಹಲಗೆಗಳು ಸಿಹಿನೀರಿನಲ್ಲಿ ನಿರೀಕ್ಷಿಸುವುದಕ್ಕಿಂತ ಬಹಳ ವೇಗವಾಗಿ ಸವೆಯುತ್ತಿರುವುದು ಗಮನಕ್ಕೆ ಬಂತು. ನೀರಿನ ಮಟ್ಟದಿಂದ ಕೆಲವು ಅಡಿ ಕೆಳಗಿನವರೆಗೆ ಉಕ್ಕಿನ ಮೇಲೆ ಕಿತ್ತಳೆ ಬಣ್ಣದ ಗಂಟುಗಳು ಏಳುತ್ತವೆ. ಗಂಟನ್ನು ಕೆರೆದರೆ ಅದರಡಿ ಕಪ್ಪು ಲೇಪ, ಲೇಪವನ್ನು ಒರೆಸಿದರೆ ಉಕ್ಕಿನಲ್ಲಿ ಬಟ್ಟಲಿನಂಥ ಗುಳಿ. ಆ ಗಂಟಿನೊಳಗೆ ನೆಲೆಸುವ ಸೂಕ್ಷ್ಮಜೀವಿಗಳು ಕಬ್ಬಿಣ ಮತ್ತು ಗಂಧಕದ ಸಂಯುಕ್ತಗಳನ್ನು ಬಳಸಿಕೊಂಡು ಬದುಕುವುದೇ ಈ ಸವೆತಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಚಳಿಗಾಲದಲ್ಲಿ ಮಂಜುಗಡ್ಡೆ ಏರಿಳಿಯುತ್ತಾ ಗಂಟುಗಳನ್ನು ಕಿತ್ತುಹಾಕುತ್ತದೆ, ಹೊಸ ಉಕ್ಕು ನೀರಿಗೆ ತೆರೆದುಕೊಳ್ಳುತ್ತದೆ, ಬೇಸಗೆಯಲ್ಲಿ ಮತ್ತೆ ಗಂಟು ಕಟ್ಟುತ್ತದೆ. ಇಂಥ ನೀರಿನಲ್ಲಿ ಮೂರು ದಶಕ ಅಲುಗದೆ ನಿಂತ ಹೊರಮೈಯನ್ನು ಒಮ್ಮೆ ಒಣನೆಲದ ಮೇಲೆ ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡುವುದಕ್ಕೆ ಬದಲಿ ಮಾರ್ಗವಿಲ್ಲ. ಮುಳುಗುಗಾರರು ಕೆಳಗಿಳಿದು ಸುತ್ತಿಗೆಯಿಂದ ತಟ್ಟಿ ನೋಡುವುದು ಆ ಪರೀಕ್ಷೆಗೆ ಸಮನಾಗದು.

ಈ ದುರಸ್ತಿಗೆ ನೆರವಾದ ಹಣದ ಮೂಲವೂ ಗಮನಾರ್ಹ. ಮಿನ್ನೆಸೋಟದ ಮತದಾರರು 2008ರಲ್ಲಿ ರಾಜ್ಯ ಸಂವಿಧಾನಕ್ಕೆ ತಿದ್ದುಪಡಿ ತಂದು, ನೀರು, ಕಾಡು, ಉದ್ಯಾನ ಮತ್ತು ಸಾಂಸ್ಕೃತಿಕ ಪರಂಪರೆಗಳಿಗಾಗಿಯೇ ಮಾರಾಟ ತೆರಿಗೆಯನ್ನು ಶೇಕಡಾ ಒಂದರ ಎಂಟನೇ ಮೂರು ಭಾಗದಷ್ಟು ಏರಿಸಿಕೊಂಡಿದ್ದರು. ಅದರಲ್ಲಿನ ಪರಂಪರೆಯ ಪಾಲನ್ನು ಮಿನ್ನೆಸೋಟ ಐತಿಹಾಸಿಕ ಸಂಘ ಅನುದಾನವಾಗಿ ಹಂಚುತ್ತದೆ, ಮತ್ತು ಇರ್ವಿನ್‌ಗೆ ನೆರವು ಸಿಕ್ಕಿದ್ದು ಅಲ್ಲಿಂದ. ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದದ್ದು ಇಂಥ ಅನುದಾನ ಕೇಳುವಾಗ ಕೈಹಿಡಿಯುವ ಸಂಗತಿ.

2019ರ ಅಕ್ಟೋಬರ್ 16ರಂದು ಹಡಗು ಅದೇ ಸೇತುವೆಯ ನಡುವೆ ಹಾದು ಸ್ಲಿಪ್‌ಗೆ ಹಿಂದಿರುಗಿತು. 2019ರ ಪ್ರವಾಸಿ ಋತು ಪೂರ್ತಿ ನಷ್ಟ. ಅದರ ಬೆನ್ನಿಗೇ ಬಂದ ಕೋವಿಡ್ 2020ರ ಋತುವನ್ನೂ ಕಸಿದುಕೊಂಡಿತು. ಟಿಕೆಟ್ ಹಣವೇ ಆದಾಯವಾದ ಸಂಸ್ಥೆಗೆ ಇದು ಸಣ್ಣ ಪೆಟ್ಟಲ್ಲ.

ಅಕ್ಟೋಬರ್‌ನ ಭೂತಗಳು

ಡುಲೂತ್‌ನಲ್ಲಿ ಹಡಗು ನೋಡಲು ಜನ ಬರುವುದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಋತುವಿನ ಕೊನೆಗೆ, ಹ್ಯಾಲೊವೀನ್ ಹಬ್ಬದ ಸುಮಾರಿಗೆ, ಇರ್ವಿನ್ ‘ದೆವ್ವದ ಹಡಗು’ ಆಗುತ್ತದೆ: ಕಣಜಗಳಲ್ಲಿ ಮಬ್ಬು ಬೆಳಕು, ಕೂಗಾಟ, ಬಣ್ಣ ಬಳಿದುಕೊಂಡ ಕಲಾವಿದರು. ಹಡಗಿನ ಗಳಿಕೆಯಲ್ಲಿ ಇದರ ಪಾಲು ದೊಡ್ಡದು. ಇತಿಹಾಸಪ್ರಿಯರು ಇದನ್ನು ಕಂಡು ಮೂಗು ಮುರಿಯುವುದುಂಟು. 1964ರಲ್ಲಿ ಇದೇ ಹಡಗಿನ ಬಾಯ್ಲರ್ ಕೋಣೆಯಲ್ಲಿ ಕೊಳವೆಯೊಂದು ಒಡೆದು, ಉಗಿಯಿಂದ ಸುಟ್ಟು ನಾವಿಕನೊಬ್ಬ ಸತ್ತ. ಆ ಸಾವನ್ನೇ ದೆವ್ವದ ಕಥೆಗೆ ಹಚ್ಚಿ ಹೇಳುವಾಗ ನನಗೂ ಹಿತವೆನಿಸುವುದಿಲ್ಲ. ಬೇಸಗೆಯ ಮಾರ್ಗದರ್ಶಿ ಸುತ್ತಿನಲ್ಲಿ ಆ ಅಪಘಾತವನ್ನು ಅಪಘಾತವಾಗಿಯೇ ಹೇಳಿದರೆ ಬಾಯ್ಲರ್ ಕೋಣೆಯ ದುಡಿಮೆ ಎಂಥದೆಂದು ತಿಳಿಯುತ್ತದೆ. ಆದರೂ ಟಿಕೆಟ್ಟಿನ ಹಣ ಹಡಗಿಗೆ ಬೇಕೇ ಬೇಕು ಎಂಬ ವಾದವನ್ನು ತಳ್ಳಿಹಾಕುವುದು ಹೊರಗೆ ನಿಂತು ಮಾತಾಡುವವರಿಗೆ ಸುಲಭ.

ನೆರೆಯ ಹಡಗುಗಳ ಗತಿ

ಇರ್ವಿನ್‌ನ ಸ್ಥಿತಿಯನ್ನು ತೂಗಿ ನೋಡಲು ದೂರ ಹೋಗಬೇಕಿಲ್ಲ. ಅದೇ ಬಂದರಿನ ಆಚೆ ಬದಿಯಲ್ಲಿ, ಬಾರ್ಕರ್ಸ್ ದ್ವೀಪದಲ್ಲಿ, ‘ಮೀಟಿಯರ್’ ಇದೆ. 1896ರಲ್ಲಿ ಸುಪೀರಿಯರ್ ನಗರದಲ್ಲೇ ಕಟ್ಟಿದ, ತಿಮಿಂಗಿಲದ ಬೆನ್ನಿನಂತೆ ದುಂಡಗಿನ ಡೆಕ್ಕಿನ ವಿಶಿಷ್ಟ ಜಾತಿಯ ಹಡಗುಗಳಲ್ಲಿ ನೀರಿನ ಮೇಲೆ ಉಳಿದ ಕೊನೆಯದು. ಅದು 1972ರಿಂದ ಅಲ್ಲಿದೆ, ಆದರೆ ತೇಲುತ್ತಿಲ್ಲ. ಸುತ್ತ ಮಣ್ಣು ತುಂಬಿದ ಗುಂಡಿಯಲ್ಲಿ ಕೂತಿದೆ. ಮುಳುಗುವ ಭಯವಿಲ್ಲ, ಕಟ್ಟೆಯ ಬಾಡಿಗೆಯಿಲ್ಲ, ಸೇತುವೆಯ ತಕರಾರಿಲ್ಲ. ಆದರೆ ಮಣ್ಣಿಗೆ ತಾಗಿದ ತಳವನ್ನು ಪರೀಕ್ಷಿಸಿ ಬಣ್ಣ ಬಳಿಯುವ ದಾರಿ ಮುಚ್ಚಿಹೋಗಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಾಪಲ್ ಕೂಡ ನೆಲಕ್ಕೇರಿದ ನೌಕೆಯೇ; ಚಿಕ್ಕ ಗಾತ್ರದ ಕ್ಷಿಪಣಿ ನೌಕೆಗೆ ಆ ಉಪಾಯ ಒಪ್ಪುತ್ತದೆ, ಆರುನೂರು ಅಡಿಯ ಅದಿರು ಹಡಗಿಗೆ ಒಪ್ಪುವುದು ಕಷ್ಟ.

1904ರ ‘ಜೆ. ಬಿ. ಫೋರ್ಡ್’ನ ಕಥೆ ಇನ್ನೊಂದು ಬಗೆಯದು. 1905ರ ಮತ್ತು 1913ರ ಘೋರ ಬಿರುಗಾಳಿಗಳಿಂದ ಪಾರಾಗಿ, ಕೊನೆಗಾಲದಲ್ಲಿ ಸಿಮೆಂಟ್ ತುಂಬಿಡುವ ತೇಲುಗೋದಾಮಾಗಿದ್ದ ಆ ಹಡಗನ್ನು ಉಳಿಸಲು ಆಸಕ್ತರ ಗುಂಪೊಂದು ಶ್ರಮಿಸಿತು. ಐತಿಹಾಸಿಕ ಮೌಲ್ಯದಲ್ಲಿ ಅದು ಇರ್ವಿನ್‌ಗೆ ಕಡಿಮೆಯಿರಲಿಲ್ಲ, ಹೆಚ್ಚೇ ಎನ್ನಬಹುದು. ಆದರೆ ಕಲ್ನಾರು, ಸೀಸದ ಬಣ್ಣಗಳನ್ನು ತೆಗೆಸುವ ವೆಚ್ಚ ಗುಂಪಿನ ಕೈಮೀರಿತು, ಮತ್ತು 2015ರಲ್ಲಿ ಅದನ್ನು ಡುಲೂತ್‌ನ ಗುಜರಿ ಕಟ್ಟೆಗೆ ಎಳೆದೊಯ್ದರು. ಸಮ್ಮೇಳನ ಕೇಂದ್ರವೂ ತನ್ನ ಬಳಿಯಿದ್ದುದನ್ನೆಲ್ಲ ಉಳಿಸಿಕೊಳ್ಳಲಿಲ್ಲ: 2004ರಲ್ಲಿ ಸೇವೆಯಿಂದ ಬಿಡುಗಡೆಯಾಗಿ ಇರ್ವಿನ್‌ನ ನೆರೆಗೆ ಬಂದ ‘ಸನ್‌ಡ್ಯೂ’ ಎಂಬ ಕರಾವಳಿ ರಕ್ಷಣಾ ನೌಕೆಯನ್ನು ಕೆಲವೇ ವರ್ಷಗಳಲ್ಲಿ ಖಾಸಗಿಯವರಿಗೆ ಮಾರಿತು. ಜನರ ಪ್ರೀತಿ, ಇತಿಹಾಸದ ಮಹತ್ವ ಇವೆರಡೂ ಇದ್ದ ಮೇಲೂ ಹಡಗು ಉಳಿಯುವುದು, ಅದರ ಹಿಂದೆ ತೆರಿಗೆ ಮತ್ತು ಅನುದಾನಗಳಿಗೆ ಕೈಚಾಚಬಲ್ಲ ಸಾರ್ವಜನಿಕ ಸಂಸ್ಥೆಯೊಂದು ಇದ್ದಾಗ ಎಂದು ಈ ಬಂದರಿನ ಉದಾಹರಣೆಗಳು ತೋರಿಸುತ್ತವೆ. ಫೋರ್ಡ್‌ಗೆ ಅದಿರಲಿಲ್ಲ. ಇರ್ವಿನ್‌ಗೆ ಅದರ ಜೊತೆಗೆ, ತನ್ನದಲ್ಲದ ಹೂಳಿನ ಕೆಲಸವೊಂದು ಸರಿಯಾದ ಹೊತ್ತಿಗೆ ಒದಗಿಬಂತು.

ಮುಂದಿನ ಸರದಿಗೆ ಅಂಥ ಕಾರಣ ತಾನಾಗಿ ಬರುವುದಿಲ್ಲ. 2019ರಲ್ಲಿ ಬಳಿದ ಬಣ್ಣಕ್ಕೂ ಒಂದು ಆಯಸ್ಸಿದೆ, ಬಂದರಿನ ನೀರಿನ ಗುಣ ಬದಲಾಗಿಲ್ಲ, ಸೇತುವೆ ಇದ್ದಲ್ಲೇ ಇದೆ. ಹಡಗನ್ನು ಮತ್ತೆ ಎಳೆಯುವಾಗ ಟಗ್ ದೋಣಿಗಳ ಪ್ರೊಪೆಲರ್‌ಗಳು ತಳದ ಹೊಸ ಹೊದಿಕೆಯನ್ನು ಕಲಕದಂತೆ ನೋಡಿಕೊಳ್ಳುವ ಹೊಣೆಯೂ ಈಗ ಸೇರಿಕೊಂಡಿದೆ. ಡ್ರೈ ಡಾಕಿನ ಖರ್ಚಿಗೆ ನೆರವಾದ ಆ ಮಾರಾಟ ತೆರಿಗೆಗೆ ಮಿನ್ನೆಸೋಟದ ಸಂವಿಧಾನ ಕೊಟ್ಟಿರುವ ಅವಧಿ 2034ಕ್ಕೆ ಮುಗಿಯುತ್ತದೆ. ಮತದಾರರು ಅದನ್ನು ಮುಂದುವರಿಸದಿದ್ದರೆ ಇರ್ವಿನ್‌ನ ಮುಂದಿನ ಡ್ರೈ ಡಾಕಿಗೆ ಹಣವನ್ನು ಬೇರೆಡೆಯಿಂದಲೇ ಹೊಂದಿಸಬೇಕಾಗುತ್ತದೆ.